ಮುಳುಗಡೆಯ ಕಾನೂನು ಮತ್ತು ವಕೀಲರ ಸಂಘಗಳ ಮರೆತ ಹೊಣೆ

ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದಲ್ಲಿ ಮುಳುಗಲಿರುವ ಜಮೀನುಗಳಿಗೆ ರಾಜ್ಯ ಸಚಿವ ಸಂಪುಟವು 2025ರ ಸೆಪ್ಟೆಂಬರಿನಲ್ಲಿ ಪರಿಹಾರದ ದರವನ್ನು ನಿಗದಿಪಡಿಸಿತು. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಖುಷ್ಕಿಗೆ 30 ಲಕ್ಷ. ಆಲಮಟ್ಟಿಯ ನೀರಿನ ಮಟ್ಟವು 519.60 ಮೀಟರಿನಿಂದ 524.256 ಮೀಟರಿಗೆ ಏರಿದಾಗ ಮುಳುಗುವ ಭೂಮಿ ಸುಮಾರು 75,000 ಎಕರೆ ಎಂಬುದು ಸರ್ಕಾರದ್ದೇ ಲೆಕ್ಕ. ಹಿಂದಿನ ಹಂತಗಳ ಪರಿಹಾರಕ್ಕೆ ಹೋಲಿಸಿದರೆ ಈ ಮೊತ್ತ ದೊಡ್ಡದೇ. ಆದರೆ ಬೀಳಗಿ, ಜಮಖಂಡಿ ಭಾಗದ ಹೊಳೆದಂಡೆಯನ್ನು ಬಲ್ಲವರಿಗೆ ಆ ಎರಡು ಅಂಕಿಗಳ ನಡುವಿನ ಹತ್ತು ಲಕ್ಷದ ಅಂತರವೇ ಮೊದಲು ಕಣ್ಣಿಗೆ ಬೀಳುತ್ತದೆ. ದಶಕಗಳಿಂದ ನದಿಗೆ ಪಂಪ್‌ಸೆಟ್ ಇಟ್ಟು ಕಬ್ಬು ಬೆಳೆಯುತ್ತಿರುವ ಎಷ್ಟೋ ಜಮೀನುಗಳು ಉತಾರದಲ್ಲಿ ಇಂದಿಗೂ ಖುಷ್ಕಿಯೇ. ಪೈಪ್‌ಲೈನ್‌ಗೆ ಬ್ಯಾಂಕು ಸಾಲ ಕೊಟ್ಟಿದೆ, ವಿದ್ಯುತ್ ಸಂಪರ್ಕ ಬಂದಿದೆ, ಸಕ್ಕರೆ ಕಾರ್ಖಾನೆ ಕಬ್ಬನ್ನು ತೂಗಿದೆ. ಕಂದಾಯ ದಾಖಲೆಯ ನೀರಾವರಿ ಕಲಮು ಮಾತ್ರ ಬದಲಾಗಿಲ್ಲ. ನಾಲ್ಕು ಎಕರೆಯ ಕುಟುಂಬವೊಂದಕ್ಕೆ ಈ ಒಂದು ಕಲಮಿನಿಂದ ಆಗಬಹುದಾದ ನಷ್ಟ ನಲವತ್ತು ಲಕ್ಷ ರೂಪಾಯಿ.

ಈ ಸಂಗತಿ ವಿಧಾನಸೌಧಕ್ಕೆ ಗೊತ್ತಿಲ್ಲದಿರಬಹುದು. ಬೀಳಗಿ, ಮುಧೋಳ, ಜಮಖಂಡಿ, ಬನಹಟ್ಟಿಗಳ ನ್ಯಾಯಾಲಯಗಳಲ್ಲಿ ಭೂಸ್ವಾಧೀನದ ಪ್ರಕರಣಗಳನ್ನು ನಡೆಸುವ ವಕೀಲರಿಗೆ ಹೊಸದೇನಲ್ಲ. ಯಾವ ದಾಖಲೆ ಎಲ್ಲಿ ಸುಳ್ಳು ಹೇಳುತ್ತದೆ, ಯಾವ ಗಡುವು ಎಷ್ಟು ರೈತರ ಹಕ್ಕನ್ನು ನುಂಗುತ್ತದೆ, ಆದೇಶವಾದ ಹಣ ಕೈಸೇರಲು ಎಷ್ಟು ವರ್ಷ ಬೇಕು ಎಂಬುದನ್ನು ಅವರಷ್ಟು ಸಮೀಪದಿಂದ ಕಂಡ ವೃತ್ತಿವರ್ಗ ಇನ್ನೊಂದಿಲ್ಲ. ಆದರೂ ಆ ತಿಳಿವಳಿಕೆಯು ಒಂದೊಂದು ಕಡತದಲ್ಲಿ, ಒಬ್ಬೊಬ್ಬ ಕಕ್ಷಿದಾರನ ಲೆಕ್ಕದಲ್ಲಿ ಹಂಚಿಹೋಗಿದೆ. ಅದನ್ನು ಒಟ್ಟುಗೂಡಿಸಿ, ಕಾನೂನಿನಲ್ಲಿ ಇಂಥದು ತಪ್ಪಾಗಿದೆ, ಹೀಗೆ ತಿದ್ದಬೇಕು ಎಂದು ಶಾಸನ ರೂಪಿಸುವವರ ಮುಂದಿಡುವ ಕೆಲಸ ಯಾರದು? ಅದು ವಕೀಲರ ಸಂಘಗಳದು ಎಂಬುದೇ ಈ ಲೇಖನದ ವಾದ.

ಇದು ಹೊರಗಿನವರು ಹೊರಿಸುವ ಭಾರವಲ್ಲ. 1961ರ ವಕೀಲರ ಕಾಯ್ದೆಯ 6ನೆಯ ಕಲಮು ರಾಜ್ಯ ವಕೀಲರ ಪರಿಷತ್ತಿನ ಕಾರ್ಯಗಳನ್ನೂ 7ನೆಯ ಕಲಮು ಭಾರತೀಯ ವಕೀಲರ ಪರಿಷತ್ತಿನ ಕಾರ್ಯಗಳನ್ನೂ ಪಟ್ಟಿ ಮಾಡುತ್ತವೆ. ವಕೀಲರ ನೋಂದಣಿ, ದುರ್ನಡತೆಯ ವಿಚಾರಣೆ, ವಕೀಲರ ಹಕ್ಕುಗಳ ರಕ್ಷಣೆ ಇವುಗಳ ಸಾಲಿನಲ್ಲಿಯೇ, ಅವುಗಳಷ್ಟೇ ಸ್ಪಷ್ಟವಾಗಿ, ಕಾನೂನು ಸುಧಾರಣೆಯನ್ನು ಪ್ರೋತ್ಸಾಹಿಸಿ ಬೆಂಬಲಿಸುವುದು ಎಂಬ ಕಾರ್ಯವೂ ಎರಡೂ ಕಲಮುಗಳಲ್ಲಿದೆ. ತಾಲ್ಲೂಕು ಕೇಂದ್ರದ ವಕೀಲರ ಸಂಘವು ಪರಿಷತ್ತಲ್ಲ, ಆ ಕಲಮು ಅದನ್ನು ನೇರವಾಗಿ ಕಟ್ಟಿಹಾಕುವುದೂ ಇಲ್ಲ. ಆದರೆ ಪರಿಷತ್ತಿನ ಸದಸ್ಯರನ್ನು ಆರಿಸುವ ಮತಗಳು ಬರುವುದು ಇದೇ ಸಂಘಗಳ ಸದಸ್ಯರಿಂದ. ಚುನಾವಣೆಯ ಕಾಲದಲ್ಲಿ ಊರೂರು ಸುತ್ತುವ ಅಭ್ಯರ್ಥಿಗಳನ್ನು ಕಲ್ಯಾಣ ನಿಧಿಯ ಬಗ್ಗೆ, ಗ್ರಂಥಾಲಯದ ಬಗ್ಗೆ ಕೇಳುವಂತೆ ಈ ಕಾರ್ಯದ ಬಗ್ಗೆಯೂ ಕೇಳಲು ಯಾವ ಅಡ್ಡಿಯೂ ಇಲ್ಲ.

ಜಮಖಂಡಿಯ ಮಟ್ಟಿಗೆ ಈ ಮಾತನ್ನು ಬೇರೆಡೆಯಿಂದ ಕಲಿಯಬೇಕಾಗಿಯೂ ಇಲ್ಲ. ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಿ. ಡಿ. ಜತ್ತಿಯವರು ಕೊಲ್ಹಾಪುರದಲ್ಲಿ ಕಾನೂನು ಓದಿ ಜಮಖಂಡಿಯಲ್ಲಿ ವಕೀಲಿ ಆರಂಭಿಸಿದವರು. ಮುಂದೆ ಅವರು ಜಮಖಂಡಿ ಸಂಸ್ಥಾನದ ಆಡಳಿತದಲ್ಲಿ, ಮೈಸೂರು ರಾಜ್ಯದ ಮುಖ್ಯಮಂತ್ರಿ ಸ್ಥಾನದಲ್ಲಿ, ದೇಶದ ಉಪರಾಷ್ಟ್ರಪತಿ ಸ್ಥಾನದಲ್ಲಿ ಕುಳಿತದ್ದು ಎಲ್ಲರಿಗೂ ನೆನಪಿದೆ. 1957ರಲ್ಲಿ ನೇಮಕವಾದ ಭೂಸುಧಾರಣಾ ಸಮಿತಿಯ ಅಧ್ಯಕ್ಷರಾಗಿ ಅವರು ಮಾಡಿದ ಕೆಲಸ ಅಷ್ಟಾಗಿ ನೆನಪಿನಲ್ಲಿಲ್ಲ. 1956ರ ಏಕೀಕರಣದ ನಂತರ ರಾಜ್ಯದಲ್ಲಿ ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಹಳೆಯ ಮೈಸೂರುಗಳಿಂದ ಬಂದ ಗೇಣಿ ಕಾನೂನುಗಳು ಒಟ್ಟಿಗೆ ಜಾರಿಯಲ್ಲಿದ್ದವು. ಕೃಷ್ಣೆಯ ಈ ಭಾಗದಲ್ಲಂತೂ ಸಂಸ್ಥಾನಗಳ ಊರುಗಳೂ ಬ್ರಿಟಿಷ್ ವಿಜಾಪುರ ಜಿಲ್ಲೆಯ ಊರುಗಳೂ ಒಂದರ ಪಕ್ಕ ಒಂದಿದ್ದವು. ಹೊಲದ ಬದುವಿನ ಆಚೆಗೆ ಬೇರೆ ರೂಢಿ, ಬೇರೆ ದಾಖಲೆ. ಈ ಗೋಜಲನ್ನು ಕಚೇರಿಯಲ್ಲಿ ಪ್ರತಿದಿನ ಕಂಡಿದ್ದ ಮನುಷ್ಯನ ಕೈಗೆ ಅದನ್ನು ಬಿಡಿಸುವ ಕೆಲಸ ಬಂದಿತು. ಜತ್ತಿ ಸಮಿತಿಯ ವರದಿಯ ತಳಹದಿಯ ಮೇಲೆಯೇ 1961ರ ಮೈಸೂರು ಭೂಸುಧಾರಣಾ ಕಾಯ್ದೆ ರೂಪುಗೊಂಡು 1965ರ ಅಕ್ಟೋಬರ್ 2ರಂದು ಜಾರಿಗೆ ಬಂದಿತು. ಸ್ವಂತ ಸಾಗುವಳಿಯ ಹೆಸರಿನಲ್ಲಿ ಭೂಮಾಲೀಕರು ನೆಲವನ್ನು ಮರಳಿ ಪಡೆಯಲು ಆ ಕಾಯ್ದೆಯಲ್ಲಿ ಸಾಕಷ್ಟು ಕಂಡಿಗಳಿದ್ದವು. ಉಳುವವನಿಗೆ ನೆಲ ಎಂಬುದು ಕೈಗೂಡಲು 1974ರ ದೊಡ್ಡ ತಿದ್ದುಪಡಿಯೇ ಬೇಕಾಯಿತು. ಆದರೂ ಐದು ಬಗೆಯ ಕಾನೂನುಗಳನ್ನು ಒಂದು ಎಳೆಗೆ ತಂದ ಆ ಮೊದಲ ಹೆಜ್ಜೆಯಲ್ಲಿ ಜಮಖಂಡಿಯ ವಕೀಲರೊಬ್ಬರ ಪಾಲು ಇದೆ ಎಂಬುದನ್ನು ಅಲ್ಲಗಳೆಯಲಾಗದು.

ಅದೇ 1974ರ ತಿದ್ದುಪಡಿಯು ವಕೀಲರ ಬಗ್ಗೆ ಇನ್ನೊಂದು ತೀರ್ಮಾನವನ್ನೂ ಮಾಡಿತು. ಗೇಣಿದಾರರ ಅರ್ಜಿಗಳನ್ನು ವಿಚಾರಿಸುವ ಭೂನ್ಯಾಯ ಮಂಡಳಿಗಳ ಮುಂದೆ ವಕೀಲರು ಹಾಜರಾಗಕೂಡದು ಎಂದು 48ನೆಯ ಕಲಮಿನ 8ನೆಯ ಉಪಕಲಮಿನಲ್ಲಿ ಬರೆಯಲಾಯಿತು. ಬಡ ಗೇಣಿದಾರನಿಗೆ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲ, ಭೂಮಾಲೀಕನಿಗೆ ಇದೆ, ವಕೀಲರು ಬಂದರೆ ಪ್ರಕರಣಗಳು ಎಳೆಯುತ್ತವೆ ಎಂಬ ಆತಂಕ ಅದರ ಹಿಂದಿತ್ತು. ಆ ಆತಂಕ ನಿರಾಧಾರವೆಂದು ಹೇಳಲಾಗದು. ಆದರೆ ವಕೀಲರಿಲ್ಲದೆ ನಡೆದ ವಿಚಾರಣೆಗಳಲ್ಲಿ ಸಾಕ್ಷ್ಯವನ್ನು ಸರಿಯಾಗಿ ದಾಖಲಿಸದ, ಕಾರಣಗಳನ್ನು ಬರೆಯದ ಆದೇಶಗಳೂ ಹೊರಬಿದ್ದು, ಅವು ಹೈಕೋರ್ಟಿನಲ್ಲಿ ಬಿದ್ದುಹೋಗಿ ಮತ್ತೆ ಮಂಡಳಿಗೇ ಮರಳಿದವು. ಹೀಗೆ ಅಲೆದವರಲ್ಲಿ ಗೇಣಿದಾರರೇನೂ ಕಡಿಮೆ ಇರಲಿಲ್ಲ. ಕೊನೆಗೆ 1987ರಲ್ಲಿ ಸುಪ್ರೀಂ ಕೋರ್ಟು, ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ, ಈ ನಿಷೇಧವು ಸಂಸತ್ತಿನ ವಕೀಲರ ಕಾಯ್ದೆಗೆ ವಿರುದ್ಧವೆಂದು ಅದನ್ನು ತೆಗೆದುಹಾಕಿತು. ಹಾಜರಾಗುವ ಹಕ್ಕನ್ನು ವಕೀಲರು ಹೀಗೆ ಗೆದ್ದುಕೊಂಡರು. ಭೂಮಿಯ ಕಾನೂನಿಗೆ ವಕೀಲರೆಂದರೆ ತೊಡಕು ಎಂಬ ಜನರ ಮನಸ್ಸಿನ ಭಾವನೆಯನ್ನು ಅಳಿಸುವ ಕೆಲಸ ಮಾತ್ರ ತೀರ್ಪಿನಿಂದ ಆಗುವಂಥದಲ್ಲ.

ಭೂಸ್ವಾಧೀನದ ಕಡತಗಳಲ್ಲಿ ಏನಿದೆ ಎಂಬುದನ್ನು ಈಗ ಸ್ವಲ್ಪ ಬಿಡಿಸಿ ನೋಡಬೇಕು. ಆಲಮಟ್ಟಿಯ ಮೊದಲ ಎರಡು ಹಂತಗಳ ಮುಳುಗಡೆ ಬಹುಪಾಲು 1894ರ ಕಾಯ್ದೆಯ ಅಡಿಯಲ್ಲಿ ನಡೆದದ್ದು. ಭೂಸ್ವಾಧೀನಾಧಿಕಾರಿಯು ಪರಿಹಾರ ನಿಗದಿಪಡಿಸಿ ಐತೀರ್ಪು ಹೊರಡಿಸುತ್ತಾನೆ. ಅದು ಕಡಿಮೆಯಾಯಿತೆಂದು ತೋರಿದ ರೈತ ಗಡುವಿನೊಳಗೆ ಅರ್ಜಿ ಕೊಟ್ಟರೆ ಪ್ರಕರಣ ನ್ಯಾಯಾಲಯಕ್ಕೆ ಬರುತ್ತದೆ. ಅಲ್ಲಿ ಕೃಷಿ ಭೂಮಿಯ ಬೆಲೆ ಕಟ್ಟಲು ಅನುಸರಿಸುತ್ತ ಬಂದ ರೂಢಿಯೊಂದಿದೆ. ಎಕರೆಗೆ ಬರುವ ಇಳುವರಿಗೆ ಕೃಷಿ ಇಲಾಖೆಯ ಪ್ರಮಾಣಪತ್ರ, ದರಕ್ಕೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಪಟ್ಟಿ. ಎರಡನ್ನೂ ಗುಣಿಸಿ, ಬೇಸಾಯದ ಖರ್ಚೆಂದು ಸಾಮಾನ್ಯವಾಗಿ ಅರ್ಧವನ್ನು ಕಳೆದು, ಉಳಿದದ್ದನ್ನು ಹತ್ತರಿಂದ ಗುಣಿಸಿದರೆ ಭೂಮಿಯ ಬೆಲೆ ಸಿಕ್ಕಿತು.

ಈ ಲೆಕ್ಕವನ್ನು ಬೇಸಾಯ ಶಾಸ್ತ್ರದ ಕಣ್ಣಿನಿಂದ ನೋಡಿದರೆ ಪ್ರತಿ ಹೆಜ್ಜೆಯಲ್ಲೂ ಒಂದೊಂದು ಪ್ರಶ್ನೆ ಏಳುತ್ತದೆ. ಆಳವಾದ ಎರೆ ಮಣ್ಣಿನಲ್ಲಿ ಹಿಂಗಾರಿಯ ಬಿಳಿಜೋಳಕ್ಕೆ ಖರ್ಚು ಬಹಳ ಕಡಿಮೆ. ಮಣ್ಣಿನಲ್ಲಿ ಉಳಿದ ತೇವದ ಮೇಲೆಯೇ ಬೆಳೆ ಬರುತ್ತದೆ. ನೀರಿಲ್ಲ, ಗೊಬ್ಬರ ಅಲ್ಪ, ಔಷಧಿ ಇಲ್ಲವೆಂದರೂ ಸರಿ. ಅದಕ್ಕೂ ಅರ್ಧ ಖರ್ಚು, ನೀರು, ಗೊಬ್ಬರ, ಕಟಾವಿನ ಕೂಲಿ ಬೇಡುವ ಕಬ್ಬಿಗೂ ಅರ್ಧ ಖರ್ಚು ಎಂಬುದು ಯಾವ ಹೊಲದ ಲೆಕ್ಕ? ಜೋಳದ ಕಾಳಿನ ದರ ಮಾರುಕಟ್ಟೆ ಪಟ್ಟಿಯಲ್ಲಿ ಸಿಗುತ್ತದೆ, ಕಣಿಕೆಯದು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ಅದನ್ನು ಸಾಬೀತುಪಡಿಸುವ ಹೊರೆ ರೈತನ ಮೇಲೆ. (ಕಣಿಕೆ ಲೆಕ್ಕಕ್ಕೆ ಬಾರದ ವಸ್ತು ಎನ್ನುವವರು ಬರಗಾಲದ ಬೇಸಿಗೆಯಲ್ಲಿ ಬೀಳಗಿಯಲ್ಲಿ ಎರಡು ಎಮ್ಮೆ ಕಟ್ಟಿ ನೋಡಬೇಕು.) ಜೋಳದ ನಡುವಿನ ಕಡಲೆ, ಅಂಚಿನ ಕುಸುಬೆ, ಹೊಳೆ ಇಳಿದ ಮೇಲೆ ಮಳಲು ಮಣ್ಣಿನಲ್ಲಿ ಬೆಳೆಯುವ ಬದನೆ, ಸೌತೆ ಇವೆಲ್ಲ ಒಂದೇ ಬೆಳೆಯ ಹೆಸರು ಹೊತ್ತ ಪ್ರಮಾಣಪತ್ರದಲ್ಲಿ ಕಾಣೆಯಾಗುತ್ತವೆ.

ಹತ್ತರಿಂದ ಗುಣಿಸುವ ಕ್ರಮಕ್ಕೂ ಒಂದು ಹಿನ್ನೆಲೆಯಿದೆ. ಭದ್ರವಾದ ಹೂಡಿಕೆಗೆ ವರ್ಷಕ್ಕೆ ನೂರಕ್ಕೆ ಹತ್ತು ಬಡ್ಡಿ ಬರುವುದಾದರೆ ಹತ್ತು ವರ್ಷದ ನಿವ್ವಳ ಆದಾಯವೇ ಮೂಲಧನ ಎಂಬ ತರ್ಕ ಅದು. ಬಡ್ಡಿ ಏಳಕ್ಕೆ ಇಳಿದರೆ ಅದೇ ತರ್ಕದ ಪ್ರಕಾರ ಹದಿನಾಲ್ಕು ವರ್ಷದ ಆದಾಯಕ್ಕಿಂತ ಕಡಿಮೆ ಕೊಡುವಂತಿಲ್ಲ. ಬಡ್ಡಿಯ ದರ ಏರಿಳಿಯಿತು, ಹತ್ತು ಮಾತ್ರ ಹತ್ತಾಗಿಯೇ ಉಳಿಯಿತು. ಒಬ್ಬ ವಕೀಲ ಒಂದು ಪ್ರಕರಣದಲ್ಲಿ ಈ ವಾದ ಹೂಡಿದರೆ, ಮೇಲಿನ ನ್ಯಾಯಾಲಯದ ತೀರ್ಪುಗಳು ಹತ್ತು ಎನ್ನುತ್ತವೆ ಎಂದು ವಿಚಾರಣಾ ನ್ಯಾಯಾಲಯ ಕೈಕಟ್ಟಿ ಕೂರಬೇಕಾಗುತ್ತದೆ. ನಾಲ್ಕು ಸಂಘಗಳು ಕೂಡಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರನ್ನೂ ಮಣ್ಣು ವಿಜ್ಞಾನಿಗಳನ್ನೂ ಕರೆದು, ಬೆಳೆವಾರು ಖರ್ಚಿನ ಕೋಷ್ಟಕವೊಂದನ್ನು ಸಿದ್ಧಪಡಿಸಿ ಸರ್ಕಾರದ ಮುಂದೆ ಇಟ್ಟರೆ ಅದು ಬೇರೆಯೇ ತೂಕದ ಮಾತಾಗುತ್ತದೆ.

2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯ್ದೆ ಈ ಕಷ್ಟಗಳನ್ನು ನಿವಾರಿಸಿತೆಂದು ನಂಬಿದವರಿದ್ದಾರೆ. ಸೊಲೇಷಿಯಂ ಮೂವತ್ತರಿಂದ ನೂರಕ್ಕೆ ಏರಿದ್ದು, ಭೂಮಿ ಇಲ್ಲದ ಕೂಲಿಕಾರರನ್ನೂ ಕುಶಲಕರ್ಮಿಗಳನ್ನೂ ಬಾಧಿತ ಕುಟುಂಬವೆಂದು ಗುರುತಿಸಿದ್ದು ನಿಜವಾದ ಮುನ್ನಡೆ. ರಬಕವಿ-ಬನಹಟ್ಟಿಯಂಥ ಮಗ್ಗದ ಸೀಮೆಗೆ ಕುಶಲಕರ್ಮಿ ಎಂಬ ಆ ಒಂದು ಪದದ ಬೆಲೆ ಎಷ್ಟೆಂಬುದು ಗೊತ್ತು. ಆದರೆ ಮಾರುಕಟ್ಟೆ ಬೆಲೆಯನ್ನು ಕಾಣಲು ಕಾಯ್ದೆಯ 26ನೆಯ ಕಲಮು ಮುಖ್ಯವಾಗಿ ನೋಡುವುದು ಎರಡು ಕಡೆಗೆ: ಮುದ್ರಾಂಕ ಶುಲ್ಕಕ್ಕೆ ಸರ್ಕಾರ ಗೊತ್ತುಪಡಿಸಿದ ದರ, ಮತ್ತು ಹಿಂದಿನ ಮೂರು ವರ್ಷಗಳ ಖರೀದಿ ಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟರ ಸರಾಸರಿ. ಮುಳುಗಲಿದೆ ಎಂದು ದಶಕಗಳಿಂದ ಗೊತ್ತಿರುವ ಊರಿನಲ್ಲಿ ಭೂಮಿ ಕೊಳ್ಳುವವರು ಯಾರು? ಕೊಂಡರೂ ಎಂಥ ಬೆಲೆಗೆ? ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 524.256 ಮೀಟರಿಗೆ ಅನುಮತಿ ನೀಡಿದ್ದು 2010ರ ಡಿಸೆಂಬರಿನಲ್ಲಿ. ಮರುವರ್ಷ ಸುಪ್ರೀಂ ಕೋರ್ಟು ಅದರ ಅಧಿಸೂಚನೆಗೆ ತಡೆ ನೀಡಿತು. ಅಲ್ಲಿಂದೀಚೆಗೆ ಆ ರೇಖೆಯೊಳಗಿನ ಊರುಗಳಲ್ಲಿ ಮನೆ ಕಟ್ಟಲೂ ಆಗದು, ಮಾರಲೂ ಆಗದು ಎಂಬ ಸ್ಥಿತಿ. ಖರೀದಿ ಪತ್ರಗಳು ಸಿಗದಿದ್ದರೆ ಪಕ್ಕದ ಪ್ರದೇಶದ ಬೆಲೆಯನ್ನು ಆಧರಿಸಿ ಸರ್ಕಾರ ಕನಿಷ್ಠ ದರ ಗೊತ್ತುಪಡಿಸಬೇಕೆಂದು ಅದೇ ಕಲಮು ಹೇಳುತ್ತದೆ. ಪಕ್ಕದ ಊರೂ ಅದೇ ನೆರಳಿನಲ್ಲಿದ್ದರೆ ಏನು ಮಾಡಬೇಕೆಂಬುದಕ್ಕೆ ಕಾಯ್ದೆಯಲ್ಲಿ ಉತ್ತರವಿಲ್ಲ. ದೆಹಲಿಯಲ್ಲಿ ಕರಡು ಬರೆದವರ ಕಣ್ಣ ಮುಂದೆ ಹೆದ್ದಾರಿಯೂ ಕಾರ್ಖಾನೆಯೂ ಇದ್ದಿರಬೇಕು. ಮೂವತ್ತು ವರ್ಷ ಕಾಯಿಸಿ ಮುಳುಗಿಸುವ ಜಲಾಶಯ ಇದ್ದಂತೆ ತೋರುವುದಿಲ್ಲ.

ಇನ್ನು ನ್ಯಾಯಾಲಯದ ಶುಲ್ಕ. ಭೂಸ್ವಾಧೀನದ ಪರಿಹಾರ ಹೆಚ್ಚಿಸಬೇಕೆಂದು ಮೇಲ್ಮನವಿ ಸಲ್ಲಿಸುವ ರೈತ, ಸಿಕ್ಕಿದ್ದಕ್ಕೂ ಕೇಳುವುದಕ್ಕೂ ಇರುವ ವ್ಯತ್ಯಾಸದ ಮೇಲೆ ಶುಲ್ಕ ಕಟ್ಟಬೇಕೆಂದು 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆ ಹೇಳುತ್ತದೆ. ಪರಿಣಾಮವಾಗಿ ರೈತನು ತನ್ನ ಭೂಮಿಯ ಬೆಲೆಯೆಷ್ಟು ಎಂಬುದರ ಬದಲು ಎಷ್ಟು ಶುಲ್ಕ ಕಟ್ಟಬಲ್ಲೆ ಎಂಬುದರ ಮೇಲೆ ಬೇಡಿಕೆಯನ್ನು ಬರೆಸುತ್ತಾನೆ. ಸರ್ಕಾರವು ತಾನೇ ಬಲವಂತವಾಗಿ ತೆಗೆದುಕೊಂಡ ಭೂಮಿಗೆ ಸರಿಯಾದ ಬೆಲೆ ಕೇಳುವವನಿಂದ ಮುಂಗಡ ವಸೂಲಿ ಮಾಡುವ ಈ ಕ್ರಮವನ್ನು ತಿದ್ದಲು ದೆಹಲಿಗೆ ಹೋಗಬೇಕಿಲ್ಲ. ಅದು ರಾಜ್ಯದ ಕಾಯ್ದೆ, ಬೆಂಗಳೂರಿನ ಅಥವಾ ಬೆಳಗಾವಿಯ ಒಂದು ಅಧಿವೇಶನದಲ್ಲಿ ಆಗುವ ಕೆಲಸ.

ಬೇಸಾಯದ ದೃಷ್ಟಿಯಿಂದ ಎಲ್ಲಕ್ಕಿಂತ ಗಂಭೀರವಾದದ್ದು ರೇಖೆಯ ಹೊರಗಿನ ಭೂಮಿಯ ಪ್ರಶ್ನೆ. ಕಾನೂನಿಗೆ ಮುಳುಗಡೆಯೆಂದರೆ ನಕ್ಷೆಯ ಮೇಲಿನ ಗೆರೆ. ನೀರು ಆ ಗೆರೆಯನ್ನು ಓದುವುದಿಲ್ಲ. ಹಿನ್ನೀರಿನ ಅಂಚಿನ ಎರೆ ಭೂಮಿಯಲ್ಲಿ ಬಸಿನೀರು ಕೆಳಗಿನಿಂದ ಏರಿ, ಆವಿಯಾಗುವಾಗ ಉಪ್ಪನ್ನು ಮೇಲಕ್ಕೆ ತಂದು ಬಿಡುತ್ತದೆ. ಸವಳು-ಜವಳು ಎಂದರೆ ಏನೆಂದು ಜಮಖಂಡಿ, ಮುಧೋಳದ ರೈತರಿಗೆ ಯಾರೂ ವಿವರಿಸಬೇಕಿಲ್ಲ. ಕಬ್ಬಿಗೆ ಅತಿಯಾಗಿ ನೀರುಣಿಸಿದ ಹೊಲಗಳಲ್ಲಿ ಅವರು ಅದನ್ನು ಕಂಡೇ ಇದ್ದಾರೆ. ಮುಳುಗಿದ ಎಕರೆಗೆ ಪರಿಹಾರ ಸಿಗುತ್ತದೆ, ಮುಳುಗದೆ ಬಿಳಿಯಾದ ಎಕರೆಗೆ ಸಿಗುವುದಿಲ್ಲ. ಒಂದಿಷ್ಟಾದರೂ ಭೂಮಿ ಕಳೆದುಕೊಂಡವನು ತನ್ನ ಉಳಿದ ಭೂಮಿಗಾದ ಹಾನಿಯನ್ನು ಕೇಳಲು ಕಾಯ್ದೆಯಲ್ಲಿ ಅವಕಾಶವಿದೆ. ಅದೂ ಸ್ವಾಧೀನದ ವೇಳೆಗೆ ಕಾಣುವ ಹಾನಿಯನ್ನು. ಉಪ್ಪು ಮೇಲೇರಲು ವರ್ಷಗಳು ಬೇಕು. ಒಂದು ಗುಂಟೆಯನ್ನೂ ಕಳೆದುಕೊಳ್ಳದವನಿಗಂತೂ ಆ ಬಾಗಿಲೇ ಇಲ್ಲ.

ಇಂಥ ದೋಷಗಳನ್ನು ತಿದ್ದಿಸುವ ಶಕ್ತಿ ಸಣ್ಣ ಊರಿನ ವಕೀಲರ ಸಂಘಗಳಿಗೆ ಎಲ್ಲಿದೆ ಎಂದು ಕೇಳಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1999 ಮತ್ತು 2002ರಲ್ಲಿ ಬಂದ ತಿದ್ದುಪಡಿಗಳನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದು ತಮಿಳುನಾಡಿನ ಸೇಲಂ ಎಂಬ ಜಿಲ್ಲಾ ಕೇಂದ್ರದ ವಕೀಲರ ಸಂಘ. ನ್ಯಾಯಾಲಯವು ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಆದರೆ ಅವುಗಳನ್ನು ಕಾರ್ಯಗತಗೊಳಿಸುವ ಬಗೆಯನ್ನು ಪರಿಶೀಲಿಸಲು ನ್ಯಾಯಮೂರ್ತಿ ಎಂ. ಜಗನ್ನಾಥ ರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿ, ಆ ವರದಿಯ ಮೇಲೆ 2005ರಲ್ಲಿ ವಿವರವಾದ ತೀರ್ಪು ನೀಡಿತು. ಪ್ರತಿವಾದಿಯು ಉತ್ತರ ಸಲ್ಲಿಸಲು ಇರುವ ತೊಂಬತ್ತು ದಿನಗಳ ಗಡುವು, ರಾಜಿ ಸಂಧಾನದ ನಿಯಮಗಳು ಇವೆಲ್ಲ ಸ್ಪಷ್ಟವಾದದ್ದು ಅಲ್ಲಿಯೇ. ಇಂದು ದೇಶದ ಯಾವ ಸಿವಿಲ್ ನ್ಯಾಯಾಲಯದಲ್ಲಿ ಈ ವಿಷಯ ಬಂದರೂ ಸೇಲಂ ಸಂಘದ ಹೆಸರನ್ನು ಹೇಳಲೇಬೇಕು.

ದೂರ ಹೋಗುವುದೂ ಬೇಡ. ಹೈಕೋರ್ಟಿನ ಪೀಠ ಉತ್ತರ ಕರ್ನಾಟಕಕ್ಕೆ ಬರಬೇಕೆಂದು ದೀರ್ಘಕಾಲ ಹೋರಾಡಿದವರಲ್ಲಿ ಈ ಭಾಗದ ವಕೀಲರ ಸಂಘಗಳು ಮುಂಚೂಣಿಯಲ್ಲಿದ್ದವು. 2008ರ ಜುಲೈನಲ್ಲಿ ಧಾರವಾಡ, ಗುಲಬರ್ಗಾಗಳಲ್ಲಿ ಸಂಚಾರಿ ಪೀಠಗಳು ಆರಂಭವಾಗಿ 2013ರಲ್ಲಿ ಕಾಯಂ ಆದವು. ಅದಕ್ಕೆ ಮೊದಲು ಪರಿಹಾರದ ಮೇಲ್ಮನವಿಗಾಗಿ ಜಮಖಂಡಿಯ ರೈತ ಐನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಬೇಕಿತ್ತು. ಆ ಹೋರಾಟದಲ್ಲಿ ವಕೀಲರ ಹಿತವೂ ಜನರ ಹಿತವೂ ಒಂದಾಗಿದ್ದವು, ಗೆಲುವೂ ಸಿಕ್ಕಿತು.

ಹಿತ ತಮ್ಮದೇ ಆದಾಗ ಸಂಘಗಳ ಬಲ ಎಷ್ಟೆಂಬುದಕ್ಕೆ ಬೇರೆ ನಿದರ್ಶನಗಳೂ ಇವೆ. 2023ರ ನವೆಂಬರ್ ಕೊನೆಯಲ್ಲಿ ಚಿಕ್ಕಮಗಳೂರಿನಲ್ಲಿ ವಕೀಲರೊಬ್ಬರ ಮೇಲೆ ಪೊಲೀಸರು ಹಲ್ಲೆ ನಡೆಸಿದ ಆರೋಪದ ಬೆನ್ನಿಗೆ ರಾಜ್ಯದಾದ್ಯಂತ ಪ್ರತಿಭಟನೆ ನಡೆಯಿತು. ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿಯೇ ವಕೀಲರ ಮೇಲಿನ ಹಿಂಸೆಯನ್ನು ತಡೆಯುವ ಮಸೂದೆಗೆ ಅಂಗೀಕಾರ ಸಿಕ್ಕಿತು. 2025ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ವಕೀಲರ ಕಾಯ್ದೆಯ ತಿದ್ದುಪಡಿಯ ಕರಡನ್ನು ಪ್ರಕಟಿಸಿದಾಗ ವಕೀಲರ ವಿರೋಧ ಎಷ್ಟು ಜೋರಾಗಿತ್ತೆಂದರೆ ಎರಡು ವಾರ ತುಂಬುವ ಮೊದಲೇ ಸರ್ಕಾರ ಹಿಂದೆ ಸರಿದು, ಕರಡನ್ನು ಪರಿಷ್ಕರಿಸುವುದಾಗಿ ಹೇಳಿತು. ಇವೆರಡೂ ನ್ಯಾಯವಾದ ಬೇಡಿಕೆಗಳೇ ಇರಬಹುದು. ಆದರೆ ಇದೇ ರಾಜ್ಯದಲ್ಲಿ 2019ರ ತಿದ್ದುಪಡಿಯು, ಹಲವು ಬಗೆಯ ಯೋಜನೆಗಳನ್ನು ಸಾಮಾಜಿಕ ಪರಿಣಾಮದ ಅಧ್ಯಯನದಿಂದ ಹೊರಗಿಡುವ ಅಧಿಕಾರವನ್ನು ಸರ್ಕಾರದ ಕೈಗೆ ಕೊಟ್ಟಿತು. ಭೂಮಿ ಕಳೆದುಕೊಳ್ಳುವವನಿಗೆ ಹೊಸ ಕಾಯ್ದೆ ಕೊಟ್ಟಿದ್ದ ದೊಡ್ಡ ರಕ್ಷಣೆಗಳಲ್ಲಿ ಒಂದು ಹೀಗೆ ಸಡಿಲವಾದಾಗ ನ್ಯಾಯಾಲಯಗಳ ಆವರಣಗಳಿಂದ ಅಂಥ ಸದ್ದು ಏಳಲಿಲ್ಲ.

ಇಲ್ಲೊಂದು ಅಹಿತಕರ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಕಾನೂನು ಸರಿಯಾದರೆ ವ್ಯಾಜ್ಯ ಕಡಿಮೆಯಾಗುತ್ತದೆ. ವ್ಯಾಜ್ಯ ಕಡಿಮೆಯಾದರೆ ವಕೀಲರ ಆದಾಯ? ಪರಿಹಾರದ ಮೊತ್ತದಲ್ಲಿ ಇಷ್ಟು ಪಾಲು ಎಂದು ಶುಲ್ಕ ಗೊತ್ತುಪಡಿಸುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಮುಳುಗಡೆಯ ಸೀಮೆಗಳಲ್ಲೆಲ್ಲ, ಕೃಷ್ಣೆಯಾಗಲಿ ಬೇರೆ ನದಿಯಾಗಲಿ, ಅಂಥ ಮಾತು ಕೇಳಿಬರುತ್ತಲೇ ಇರುತ್ತದೆ. ಹೆಚ್ಚುವರಿ ಪರಿಹಾರದ ಹೊರೆಗೆಲ್ಲ ವಕೀಲರೇ ಕಾರಣ ಎಂದು ಆಳುವವರೂ ಆಗಾಗ ದೂರುತ್ತಾರೆ. ಈ ದೂರು ಅರ್ಧ ಸತ್ಯವೂ ಅಲ್ಲ. ನ್ಯಾಯಾಲಯವು ಪರಿಹಾರವನ್ನು ಹೆಚ್ಚಿಸಿತೆಂದರೆ ಮೊದಲ ಐತೀರ್ಪು ಕಡಿಮೆಯಾಗಿತ್ತೆಂದೇ ಅರ್ಥ. ಹಳೆಯ ಕಾಯ್ದೆಯ ಪ್ರಕಾರ ಹೆಚ್ಚಿಸಿದ ಮೊತ್ತಕ್ಕೆ ಮೊದಲ ವರ್ಷ ನೂರಕ್ಕೆ ಒಂಬತ್ತು, ಆಮೇಲೆ ಹದಿನೈದು ಬಡ್ಡಿ. ಅದನ್ನು ಬೆಳೆಯಲು ಬಿಟ್ಟವರು ತಡಮಾಡಿದ ಕಚೇರಿಗಳು. ಪರಿಹಾರ ಪಾವತಿಸದ ಕಾರಣಕ್ಕೆ ಸರ್ಕಾರಿ ಕಚೇರಿಯ ಕುರ್ಚಿ, ಕಂಪ್ಯೂಟರ್, ಜೀಪುಗಳನ್ನು ಜಪ್ತಿ ಮಾಡಿದ ಸುದ್ದಿ ಉತ್ತರ ಕರ್ನಾಟಕದ ಪತ್ರಿಕೆಗಳಿಗೆ ಅಪರೂಪದ್ದೇನಲ್ಲ. ಆದರೂ ಶುಲ್ಕದ ವಿಷಯದಲ್ಲಿ ಸಂಘಗಳು ತಾವೇ ಮುಂದಾಗಿ, ಭೂಸ್ವಾಧೀನದ ಪ್ರಕರಣಗಳಿಗೆ ಇಷ್ಟೇ ಶುಲ್ಕ ಎಂಬ ಬಹಿರಂಗ ಪಟ್ಟಿಯನ್ನು ಗೋಡೆಗೆ ಹಚ್ಚಿದರೆ, ಕಾನೂನು ತಿದ್ದಬೇಕೆಂಬ ಅವುಗಳ ಮಾತನ್ನು ಕೇಳುವವರ ಸಂಖ್ಯೆ ಹೆಚ್ಚುತ್ತದೆ. ಕಲಾಪ ಬಹಿಷ್ಕಾರದ ವಿಷಯವೂ ಅಷ್ಟೇ. ವಕೀಲರಿಗೆ ಮುಷ್ಕರದ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲಿ ಹೇಳಿದೆ. ಊರು ಬಿಟ್ಟು ಪುನರ್ವಸತಿ ಕೇಂದ್ರದಲ್ಲಿರುವ ಮುದುಕನಿಗೆ ಒಂದು ತಾರೀಖು ತಪ್ಪಿದರೆ ಆರು ತಿಂಗಳು ಹೋದಂತೆ.

ಒಟ್ಟಾಗಿ ದುಡಿದರೆ ಏನಾದೀತೆಂಬುದನ್ನು ಜಮಖಂಡಿಯ ಹೊಳೆದಂಡೆಯ ರೈತರೇ ತೋರಿಸಿದ್ದಾರೆ. ಸರ್ಕಾರವನ್ನು ಕಾದು ಸಾಕಾಗಿ, ಕೃಷ್ಣಾ ತೀರದ ರೈತರು ಸಂಘ ಕಟ್ಟಿ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಮ್ಮದೇ ಹಣ, ತಮ್ಮದೇ ಬೆವರಿನಿಂದ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂಬ ಹೆಸರೇ ಆ ಕಥೆಯನ್ನು ಹೇಳುತ್ತದೆ. ಹಾಗೆ ನೀರು ಕಂಡ ಜಮೀನಿಗೆ ಉತಾರದಲ್ಲಿ ಖುಷ್ಕಿ ಎಂದು ಬರೆದಿದ್ದರೆ, ರೈತನ ಸ್ವಂತ ಹೂಡಿಕೆಯನ್ನೇ ಸರ್ಕಾರ ಲೆಕ್ಕದಿಂದ ಹೊರಗಿಟ್ಟಂತಾಯಿತು. ಹೊಲದ ನೀರಾವರಿಯನ್ನು ವಿದ್ಯುತ್ ಬಿಲ್ಲು, ಕಾರ್ಖಾನೆಯ ಕಬ್ಬಿನ ರಸೀದಿ, ಬ್ಯಾಂಕಿನ ಪೈಪ್‌ಲೈನ್ ಸಾಲದ ಪತ್ರ, ಉಪಗ್ರಹ ಚಿತ್ರ ಇವುಗಳಲ್ಲಿ ಯಾವುದರಿಂದಲಾದರೂ ಸಾಬೀತುಪಡಿಸಬಹುದು ಎಂಬ ಒಂದು ಸಾಲು ನಿಯಮದಲ್ಲಿ ಸೇರಿದರೆ ಸಾಕು.

ಆ ಸಾಲು ಸೇರಬೇಕಾದರೆ ಈಗಲೇ ಕೆಲಸ ಆರಂಭವಾಗಬೇಕು. ಒಪ್ಪಂದದ ಐತೀರ್ಪಿಗೆ ಒಮ್ಮೆ ಸಹಿ ಹಾಕಿದ ರೈತನಿಗೆ ಹೆಚ್ಚಿನ ಪರಿಹಾರ ಕೋರಿ ನ್ಯಾಯಾಲಯಕ್ಕೆ ಹೋಗುವ ದಾರಿ ಮುಚ್ಚುತ್ತದೆ. ಒಪ್ಪಂದದ ನಮೂನೆಯಲ್ಲಿ ಏನಿರಬೇಕು ಎಂಬುದು ಆದ್ದರಿಂದಲೇ ಈ ಸೀಮೆಯ ಅತ್ಯಂತ ತುರ್ತಿನ ಕಾನೂನು ಪ್ರಶ್ನೆ. ಹಣ ಒಂದೇ ಕಂತಿನಲ್ಲಿ, ಇಂತಿಷ್ಟು ದಿನಗಳೊಳಗೆ ಬಾರದಿದ್ದರೆ ಒಪ್ಪಂದ ರದ್ದಾಗಿ ನ್ಯಾಯಾಲಯದ ಹಕ್ಕು ಮರಳುತ್ತದೆ ಎಂಬ ಷರತ್ತು ಅದರಲ್ಲಿ ಇರಬೇಕಲ್ಲವೇ? ಹಿನ್ನೀರಿನ ಅಂಚಿನ ಭೂಮಿ ಮುಂದೆ ಸವಳಾದರೆ ಈ ಸಹಿ ಅಡ್ಡಿಯಾಗದು ಎಂಬ ಮಾತು? ಮನೆ, ಬಾವಿ, ಗಿಡಮರಗಳ ಲೆಕ್ಕ ಬೇರೆಯಾಗಿಯೇ ಇರುತ್ತದೆ ಎಂಬುದು? ಕುಟುಂಬದ ಹೆಣ್ಣುಮಕ್ಕಳ ಪಾಲಿನ ಸಹಿಯನ್ನು ಯಾರ ಮುಂದೆ, ಹೇಗೆ ಪಡೆಯಬೇಕು ಎಂಬುದು? ನಾಲ್ಕೂ ಊರುಗಳ ಸಂಘಗಳು ಒಂದೇ ಮಾದರಿ ನಮೂನೆಯನ್ನು ಬರೆದು ಮುಂದಿಟ್ಟರೆ ಅದನ್ನು ಕಡೆಗಣಿಸುವುದು ಅಧಿಕಾರಿಗಳಿಗೆ ಸುಲಭವಾಗದು. ಭೂಸ್ವಾಧೀನ ಕಾಯ್ದೆಯ ಅಡಿಯ ನಿಯಮಗಳನ್ನು ಜಾರಿಗೆ ತರುವ ಮೊದಲು ಕರಡನ್ನು ಪ್ರಕಟಿಸಬೇಕೆಂದು ಕಾಯ್ದೆಯೇ ವಿಧಿಸಿದೆ. ಆಕ್ಷೇಪಣೆ ಸಲ್ಲಿಸಲು ಸಿಗುವ ಆ ಅವಧಿಯಲ್ಲಿ ಹೋಗುವ ಒಂದು ವಿವರವಾದ ಮನವಿಯ ಬೆಲೆ, ಆಮೇಲೆ ಹೂಡುವ ನೂರು ಪ್ರಕರಣಗಳಿಗಿಂತ ಕಡಿಮೆಯದಲ್ಲ.

ಮಲೆನಾಡಿನ ಓದುಗರಿಗೆ ಇದು ದೂರದ ಬಯಲುಸೀಮೆಯ ಸಂಗತಿಯೆಂದು ತೋರಬಹುದು. ಕೃಷ್ಣೆಯೂ ಮುಧೋಳದ ಘಟಪ್ರಭೆಯೂ ಹುಟ್ಟುವುದು ಇದೇ ಸಹ್ಯಾದ್ರಿಯ ಸಾಲಿನಲ್ಲಿ. ಲಿಂಗನಮಕ್ಕಿಗಾಗಿ ಊರು ಬಿಟ್ಟ ಶರಾವತಿ ಕಣಿವೆಯ ಕುಟುಂಬಗಳಿಗೆ ಕೊಟ್ಟ ಅರಣ್ಯ ಭೂಮಿಯ ಹಕ್ಕುಪತ್ರದ ಪ್ರಶ್ನೆ ಆರು ದಶಕ ಕಳೆದರೂ ಪೂರ್ತಿಯಾಗಿ ಬಗೆಹರಿದಿಲ್ಲ. ಅಂದು ಆ ಕಾಗದಗಳನ್ನು ಓದಿ, ಇದು ಹೀಗೆ ಸಾಲದು ಎಂದು ಹೇಳುವ ಸಂಘಟಿತ ದನಿ ಇರಲಿಲ್ಲ. 1980ರ ದಶಕದಲ್ಲಿ ಸಾಮುದಾಯಿಕ ಭೂಮಿಯನ್ನು ನೀಲಗಿರಿ ನೆಡಲು ಕಂಪನಿಗೆ ವಹಿಸಿದಾಗ ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಶಿವರಾಮ ಕಾರಂತರ ಜೊತೆ ಸೇರಿ, ಬೀದಿಯ ಹೋರಾಟದೊಂದಿಗೆ ಸುಪ್ರೀಂ ಕೋರ್ಟಿಗೂ ಹೋಯಿತು. ಕುಸನೂರಿನ ರೈತರು 1987ರಲ್ಲಿ ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ಮಾಡಿದರು. ಹಳ್ಳಿಯ ಜನರ ಅನುಭವಕ್ಕೆ ಕಾನೂನಿನ ಭಾಷೆ ಜೊತೆಯಾದಾಗ ಏನಾಗುತ್ತದೆಂದು ಈ ಭಾಗದವರು ಆಗ ಕಂಡಿದ್ದಾರೆ.

ಮುಂದಿನ ದಿನಗಳಲ್ಲಿ ಬೀಳಗಿ, ಜಮಖಂಡಿ ತಾಲ್ಲೂಕುಗಳ ಹೊಳೆದಂಡೆಯ ಊರುಗಳಲ್ಲಿ ಜಂಟಿ ಅಳತೆ ನಡೆಯಲಿದೆ. ಅಳತೆಯ ಪಂಚನಾಮೆಯಲ್ಲಿ ನೀರಾವರಿ ಎಂದು ಬರೆಯಬೇಕೋ ಖುಷ್ಕಿ ಎಂದು ಬರೆಯಬೇಕೋ ಎಂಬುದು ಅಂದು ಹೊಲದ ಬದುವಿನ ಮೇಲೆ, ಅರ್ಧ ಗಂಟೆಯಲ್ಲಿ ತೀರ್ಮಾನವಾಗುತ್ತದೆ. ಆ ದಿನ ಊರಿನಲ್ಲಿ ಹಾಜರಿರಲು ಸಂಘದ ಕಿರಿಯ ವಕೀಲರ ಪಾಳಿಯೊಂದನ್ನು ಹಾಕಿ, ಅವರು ಬರೆದುಕೊಂಡು ಬಂದದ್ದನ್ನು ವಾರಕ್ಕೊಮ್ಮೆ ಸಂಘದ ಕೋಣೆಯಲ್ಲಿ ಒಟ್ಟುಗೂಡಿಸುವುದಕ್ಕೆ ಯಾವ ಅನುದಾನವೂ ಬೇಡ, ಯಾರ ಅಪ್ಪಣೆಯೂ ಬೇಡ.